ಮೂರು ಕಲ್ಲಿನ ಗುಂಡಿ

"ಕೇಳಿರಪ್ಪೋ ಕೇಳಿ. ಸೋಮಗಿರಿಯ ರಾಣಿ ಪದ್ಮಲಾದೇವಿಯವರ ಅಪ್ಪಣೆ. ಬೆಟ್ಟದ ಕಾಡು ಕಾಯಲು ಒಬ್ಬ ನಾಯಕರು ಬೇಕು. ರಾಣಿಯವರು ಮೂರು ಒಗಟು ಒಡ್ಡುತ್ತಾರೆ. ಒಂದೇ ಒಂದು ಹತಾರ ಹಿಡಿದು, ಬುತ್ತಿಯಿಲ್ಲದೆ ಮೂರು ದಿನ ಕಾಡಿನಲ್ಲಿದ್ದು ಉತ್ತರ ತರಬೇಕು. ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಉಳಿಯುವುದಿಲ್ಲ. ಗಂಡಾದರೂ ಸರಿ, ಹೆಣ್ಣಾದರೂ ಸರಿ."

ಡಂಗುರದವನು ಕಾಡಂಚಿನ ಹಾಡಿಗೆ ಬಂದು ಸಾರಿದಾಗ ಹದಿನಾರರ ಕೇತಿ ಎದ್ದು ನಿಂತಳು. ಅವಳಪ್ಪ ಜಡೆಯ ಅರಮನೆಯ ಸೆರೆಯಲ್ಲಿದ್ದ. ಅರಸರ ಕಾಡಿನಲ್ಲಿ ಗೆಡ್ಡೆ ಅಗೆದದ್ದೇ ಅವನ ತಪ್ಪು. ಅಗೆದ ಕೈಯನ್ನು ಅಮಾವಾಸ್ಯೆಗೆ ಕಡಿಯಬೇಕೆಂದು ಕಾಡಿನ ಅಧಿಕಾರಿ ತೀರ್ಪು ಕೊಟ್ಟಿದ್ದ. ಅಮಾವಾಸ್ಯೆಗೆ ಇನ್ನು ಐದೇ ದಿನ.

"ಬ್ಯಾಡ ಕೂಸೇ," ಎಂದಳು ಅತ್ತೆ. "ಅಪ್ಪಂದು ಕೈ ಹೋದ್ರೂ ಜೀವ ಉಳೀತದೆ. ನಿಂದು ತಲೆನೇ ಹೋಗ್ತದೆ."

"ಕೈ ಹೋದ್ಮೇಲೆ ಅಪ್ಪ ಬದುಕಿದ್ದೂ ಏನ್ ಮಾಡ್ತಾನೆ ಅತ್ತೆ?" ಎಂದವಳೇ ಕೇತಿ ಗೆಡ್ಡೆ ಅಗೆಯುವ ಕೋಲು ಹಿಡಿದು ಹೊರಟಳು.

ಮರುಬೆಳಗ್ಗೆ ಕಾಡಿನ ಬಾಯಲ್ಲಿ ಇನ್ನಿಬ್ಬರಿದ್ದರು. ದಂಡನಾಯಕನ ಮಗ ವೀರಬಂಕ ಕತ್ತಿ ತಂದಿದ್ದ. ವರ್ತಕನ ಮಗ ನಂಜಸೆಟ್ಟಿ ಬೆಳ್ಳಿಹಿಡಿಯ ಚಾಕು ತಂದು, ತಾನು ನಾಯಕನಾದರೆ ಯಾರಿಗೆ ಯಾವ ಕೆಲಸ ಕೊಡಬೇಕೆಂದು ಆಗಲೇ ಹಂಚುತ್ತಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ ಅದು.

ಅಲ್ಲಿಗೇ ಬಂದಿದ್ದ ರಾಣಿ ಮೆಲ್ಲಗೆ ಹೇಳಿದಳು. "ಮೊದಲನೆಯದು. ಕೋಣೆಯ ಮೇಲೆ ಕೋಣೆ, ಒಂದಕ್ಕೂ ಬಾಗಿಲಿಲ್ಲ, ಒಳಗೆ ನೀರಿದೆ. ಎರಡನೆಯದು. ಯಾರೂ ಕಡಿಸದ ದಾರಿ, ಹಿಡಿದು ನಡೆದರೆ ಕೆರೆ ಸಿಗುತ್ತದೆ, ದಾರಿಯ ಒಡೆಯ ಎದುರಾದರೆ ಪ್ರಾಣ ಹೋಗುತ್ತದೆ. ಮೂರನೆಯದು. ಅಗೆದು ತಿಂದರೂ ಮಣ್ಣಲ್ಲೇ ಉಳಿಯಿತು. ಉಳಿಸಿದವರಿಗೆ ತಿಂದವರು ಗೊತ್ತಿಲ್ಲ, ತಿಂದವರಿಗೆ ಉಳಿಸಿದವರು ಗೊತ್ತಿಲ್ಲ."

ಮೂವರೂ ಮೂರು ದಿಕ್ಕಿಗೆ ನಡೆದರು. ಬೇಸಿಗೆಯ ಕಾಡು ಒಣಗಿ ಕರಕಲಾಗಿತ್ತು. ಮಧ್ಯಾಹ್ನಕ್ಕೆ ಕೇತಿಯ ನಾಲಿಗೆ ಅಂಗುಳಿಗೆ ಅಂಟಿತು. ಬಿದಿರು ಮೆಳೆಯಲ್ಲಿ ಒಂದೊಂದೇ ಗಳವನ್ನು ಅಲ್ಲಾಡಿಸಿ ಕಿವಿಗೊಟ್ಟಳು. ಏಳನೆಯದರಲ್ಲಿ ಗುಳುಗುಳು ಸದ್ದು ಕೇಳಿತು. ಕೋಲಿನ ಮೊನೆಯಿಂದ ಗಿಣ್ಣಿನ ಕೆಳಗೆ ತೂತು ಕೊರೆದು ಬಾಯಿಟ್ಟಳು. ಕುಡಿಯುತ್ತಲೇ ಅವಳಿಗೆ ನಗು ಬಂತು. ಮೊದಲ ಒಗಟು ಹೊಟ್ಟೆ ಸೇರಿತ್ತು.

ಮರುದಿನ ಅಗಲವಾದ ಕಾಲುದಾರಿ ಕಂಡಿತು. ಹಬೆಯಾಡುವ ಲದ್ದಿ ನೋಡಿದ್ದೇ ಕೇತಿ ಮರ ಹತ್ತಿದಳು. ಆನೆಗಳ ಹಿಂಡು ದಾಟಿ ಹೋಗುವವರೆಗೆ ಉಸಿರು ಬಿಗಿಹಿಡಿದು ಕೂತು, ಆಮೇಲೆ ಇಳಿದು ಅದೇ ದಾರಿಯಲ್ಲಿ ಕೆರೆ ಮುಟ್ಟಿದಳು. ಎರಡನೆಯದೂ ಆಯಿತು.

ಮೂರನೆಯದೇ ಹೊಳೆಯಲಿಲ್ಲ. ಮೂರನೆಯ ದಿನ ಹಸಿವಿನಿಂದ ಕಣ್ಣು ಕತ್ತಲಿಟ್ಟಿತು. ಕಡೆಗೆ ಒಂದು ಬಳ್ಳಿ ಸಿಕ್ಕಿ, ಬುಡ ಅಗೆದರೆ ಮೊಣಕೈಯುದ್ದದ ಗೆಡ್ಡೆ. ಅಲ್ಲೇ ಸಿಕ್ಕ ಚಕಮಕಿ ಕಲ್ಲಲ್ಲಿ ಬೆಂಕಿ ಮಾಡಿ ಸುಟ್ಟು ತಿಂದಳು. ಬಳ್ಳಿ ಅಂಟಿದ ಮೇಲಿನ ತುಂಡು ಉಳಿಯಿತು. ಹೊಟ್ಟೆ ಇನ್ನೂ ಕೇಳುತ್ತಿತ್ತು. ತಿಂದರೆ ನೋಡುವವರು ಯಾರು? ಆದರೂ ಅವಳ ಕೈ ಕೇಳಲಿಲ್ಲ. ತುಂಡನ್ನು ಗುಂಡಿಗೆ ಇಟ್ಟು, ಮಣ್ಣೆಳೆದು, ಮೇಲೆ ಕಲ್ಲಿಟ್ಟಳು. ಮೂರನೆಯ ಕಲ್ಲಿಡುವಾಗ ಅವಳ ಕೈ ನಿಂತಿತು. ಅಗೆದು ತಿಂದದ್ದು ಮಣ್ಣಲ್ಲೇ ಉಳಿದಿತ್ತು.

ನಾಲ್ಕನೆಯ ಬೆಳಗ್ಗೆ ಮೂವರೂ ಅರಮನೆಗೆ ಮರಳಿದರು. ನಂಜಸೆಟ್ಟಿಯ ಬಟ್ಟೆ ಚಿಂದಿಯಾಗಿತ್ತು. "ನೀರಿರುವುದು ತೆಂಗಿನಕಾಯಿಯಲ್ಲಿ," ಎಂದ.

"ನನ್ನ ಕಾಡಿನಲ್ಲಿ ತೆಂಗು ಎಲ್ಲಿ ಕಂಡೆಯಪ್ಪ?" ಎಂದಳು ರಾಣಿ. ಭಟರು ಅವನ ಕೈ ಕಟ್ಟಿದರು.

ವೀರಬಂಕ ಬಿದಿರನ್ನು ಹೇಗೋ ಕಂಡುಕೊಂಡಿದ್ದ. "ಎರಡನೆಯದು ರಾಜಬೀದಿ," ಎಂದ. ದಾರಿಯ ಒಡತಿ ಎದುರಿಗೇ ಕೂತಿದ್ದಾಳೆಂದು ನೆನಪಾದಾಗ ತಡವಾಗಿತ್ತು. ಅವನ ಕೈಯನ್ನೂ ಕಟ್ಟಿದರು.

ಕೇತಿ ಕೋಲನ್ನು ನೆಲಕ್ಕೂರಿ ಮುಂದೆ ಬಂದಳು. "ಮೊದಲನೇದು ಬಿದಿರು. ಎರಡನೇದು ಆನೆದಾರಿ. ಮೂರನೇದು ಕಾಡುಗೆಡ್ಡೆ ತಾಯಿ. ನಾವು ಅಗೆದು ತಿಂದು, ಬಳ್ಳಿಬುಡದ ತುಂಡ ತಿರುಗಿ ಹೂಳ್ತೀವಿ. ಮುಂದಿನ ವರ್ಷ ಬೆಳೀತದೆ. ಯಾರ್ ತಿಂತಾರೋ ನಮಗೇನ್ ಗೊತ್ತು."

ರಾಣಿ ಪೀಠದ ಅಂಚಿಗೆ ಸರಿದಳು. "ಒಂಬತ್ತು ವರ್ಷದವಳಿದ್ದಾಗ ಈ ಕಾಡಿನಲ್ಲಿ ದಾರಿ ತಪ್ಪಿದ್ದೆ. ಬಿದಿರು ನೀರು ಕೊಟ್ಟಿತು, ಆನೆದಾರಿ ಕೆರೆ ತೋರಿಸಿತು. ಆರನೆಯ ದಿನ ಮೂರು ಕಲ್ಲಿಟ್ಟ ಸಡಿಲ ಮಣ್ಣು ಸಿಕ್ಕಿತು. ಉಗುರಲ್ಲೇ ತೋಡಿ ಹಸಿಗೆಡ್ಡೆ ತಿಂದು ಉಳಿದೆ. ಹೂತವರನ್ನು ಹುಡುಕುತ್ತಲೇ ಇದ್ದೇನೆ. ಮೂರು ಕಲ್ಲಿಡುವವರು ಯಾರು?"

"ಬ್ಯಾರೇರು ಎರಡೇ ಇಡ್ತಾರೆ. ಮೂರು ಇಡೋನು ನಮ್ಮಪ್ಪ. ಒಂದು ನಮಗೆ, ಒಂದು ಹಂದಿಗೆ, ಒಂದು ದಾರಿ ತಪ್ಪಿದೋರಿಗೆ ಅಂತಾನೆ. ಅವನಿಂದ ನಾನು ಕಲಿತೆ."

"ಅವನೆಲ್ಲಿ?"

"ನಿಮ್ ಸೆರೇಲಿ ತಾಯಿ. ನಾಳೆ ಅವನ ಕೈ ಕಡೀತಾರಂತೆ. ಆ ಕೈ ನನಗೆ ಬೇಕು. ಬ್ಯಾರೆ ಏನೂ ಕೇಳಕಿಲ್ಲ."

ರಾಣಿ ಪೀಠದಿಂದ ಎದ್ದಳು. ನಾಚಿಕೆಯಿಂದ ಅವಳ ಮುಖ ಕೆಂಪಾಗಿತ್ತು. ಆಮೇಲೆ ತಾನೇ ಸೆರೆಮನೆಗೆ ನಡೆದು, ಜಡೆಯನ ಕೋಳ ಕಳಚಿಸಿ, ಮಣ್ಣು ಹತ್ತಿದ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಕೇತಿ ಕಾಡಿನ ನಾಯಕಿಯಾದಳು. ಗೆಡ್ಡೆ ಅಗೆಯುವುದು ಅಂದಿನಿಂದ ತಪ್ಪಲ್ಲ. ನಾಯಕಿಯಾಗಿ ಅವಳು ಬೇಡಿಕೊಂಡದ್ದರಿಂದ ಆ ಇಬ್ಬರು ತರುಣರ ತಲೆ ಉಳಿಯಿತು. ಬದಲಿಗೆ ಒಂದು ವರ್ಷ ಜಡೆಯನ ಹಿಂದೆ ಕೋಲು ಹಿಡಿದು ಅಗೆಯುವ ಶಿಕ್ಷೆ. ತಿಂಗಳಲ್ಲಿ ನಂಜಸೆಟ್ಟಿಯ ಹೊಟ್ಟೆ ಕರಗಿತು.

ಆ ಬೆಟ್ಟದ ಕಡೆ ಹೋಗಿ ದಾರಿ ತಪ್ಪಿದರೆ ಮೂರು ಕಲ್ಲು ಹುಡುಕಿ. ಅಗೆದು ತಿನ್ನಿ, ಯಾರೂ ತಡೆಯುವುದಿಲ್ಲ. ಬಳ್ಳಿಯ ತುಂಡು ಮಾತ್ರ ತಿರುಗಿ ಹೂತು ಬನ್ನಿ.