ಏಳೂರ ಕಂಬಳಿಯ ಮೇಲೆ ಎಂಟನೇ ಊರು

ಒಂದು ಸೀಮೇಲಿ ಒಂದೂರಿತ್ತಂತೆ. ಒಂದೂರು ಅಂದೆ ನೋಡ್ರಿ, ಅಲ್ಲೇ ಜಗಳ ಇರೋದು. ಮೇಲೊಂದು ಊರು, ಕೆಳಗೊಂದು ಹಟ್ಟಿ. ಎರಡೂ ಸೇರಿ ಒಂದು ಅಂತ ಮೇಲಿನೋರು ಅಂತಿದ್ರಂತೆ. ಕೆಳಗಿನೋರನ್ನ ಯಾರೂ ಕೇಳಿರಲಿಲ್ಲವಂತೆ.

ಮೇಲಿನದಕ್ಕೆ ಹಿರೇಬೀಡು ಅಂತ ಹೆಸರು. ಅಲ್ಲಿ ಹೊಲ ಉಳೋರು, ಅವರಿಗೆ ಮುದ್ದಪ್ಪ ಅಂತ ಒಬ್ಬ ಗೌಡ. ಕೆಳಗಿನ ಹಟ್ಟೀಲಿ ಕುರಿ ಕಾಯೋರು, ಕಂಬಳಿ ನೇಯೋರು. ಅವರ ಯಜಮಾನ ಬೊಮ್ಮಣ್ಣ. ಬೊಮ್ಮಣ್ಣನಿಗೆ ಒಬ್ಬಳೇ ಮಗಳು, ಮಾಳಕ್ಕ ಅಂತ. ಅವಳನ್ನ ಹಾಲಗೊಂದಿಯ ಚಿತ್ತಯ್ಯ ಅನ್ನೋ ಹುಡುಗನಿಗೆ ಕೊಡೋದು ಅಂತ ಎಲೆಅಡಿಕೆ ಬದಲಾಯಿಸಿದ್ದೂ ಆಗಿತ್ತು. ಹುಡುಗಿಗೆ ಹುಡುಗ ಒಪ್ಪಿಗೆ. ಸುಮ್ಮನೆ ಒಪ್ಪಿಗೆ ಅಲ್ಲ, ಬಲು ಒಪ್ಪಿಗೆ. ನಗಬೇಡ್ರೇ, ನಿಮ್ಮದೆಲ್ಲ ನಂಗೊತ್ತು.

ಹಿರೇಬೀಡು, ಹಾಲಗೊಂದಿ, ಇನ್ನೂ ಐದೂರು, ಹಿಂಗೆ ಏಳೂರು ಸೇರಿ ಒಂದು ಕಟ್ಟೆಮನೆ ಇತ್ತಂತೆ. ಕಟ್ಟೆಮನೆಗೆ ಸೇರಿದೋರ ದನಕುರಿ ಏಳೂರಲ್ಲಿ ಯಾವ ಕಾವಲಿನಲ್ಲಾದರೂ ಮೇಯಬಹುದು. ಹೆಣ್ಣು ಕೊಡೋದು ತರೋದು ಆ ಏಳೂರೊಳಗೇ. ಹೊರಗಿನೋರ ಕುರಿ ಹಳ್ಳ ದಾಟಿದ್ರೆ ದೊಡ್ಡಿಗೆ ಕೂಡ್ತಿದ್ರು. ಹೊರಗಿನೋರ ಹೆಣ್ಣು ಕೇಳಿದ್ರೆ, ಕೇಳಿದೋನಿಗೆ ಬೆಂಕಿ ನೀರು ಬಂದ್.

ಏಳೂರ ಗೌಡರೂ ಬೇವಿನ ಮರದ ಕಟ್ಟೆ ಮೇಲೆ ಸೇರೋರು. ಒಂದೊಂದೂರಿಗೆ ಒಂದೊಂದು ಬಾಬ್ತು. ಒಂದೂರು ನೀರು ತರಬೇಕು, ಒಂದೂರು ವೀಳ್ಯ ತರಬೇಕು, ಒಂದೂರು ದೀಪದೆಣ್ಣೆ. ಹಿರೇಬೀಡಿನ ಬಾಬ್ತು ಕರೀ ಕಂಬಳಿ. ತಮ್ಮೂರ ಕುರಿಯ ಉಣ್ಣೇಲಿ ತಮ್ಮೂರೋರೇ ನೇದ ಕಂಬಳೀನೇ ಆಗಬೇಕು, ಅದನ್ನೇ ಹಾಸಬೇಕು. ಕಂಬಳಿ ಮೇಲೆ ಕೂತು ಆಡಿದ ಮಾತು ಮಾತು, ಬರೀ ನೆಲದ ಮೇಲೆ ಆಡಿದ್ದು ಗಾಳಿ. ಹಟ್ಟಿಯೋರು ಅದನ್ನ ನೇಯೋರು, ಹೊತ್ತು ತರೋರು, ಹಾಸೋರು. ಆಮೇಲೆ ಗೌಡ ಕೂರೋನು, ಇವರು ಹಿಂದೆ ಕೈಕಟ್ಟಿ ನಿಲ್ಲೋರು.

ಒಂದು ಬೇಸಿಗೇಲಿ ಕಟ್ಟೆಯ ಹಿರಿಯ ಪಾಲಯ್ಯ ಕೇಳಿದನಂತೆ, "ಈ ಸಲ ಕಾವಲಿಗೆ ಮೊದಲು ಯಾರ ಕುರಿ ಬಿಡೋಣ?"

ಮುದ್ದಪ್ಪಗೌಡ ದೊಡ್ಡ ಮನಸ್ಸಿನೋನಂಗೆ ಅಂದ, "ನಮ್ಮದು ಕೊನೇಗಿರಲಿ ಬಿಡ್ರಪ್ಪಾ, ನಮಗೇನವಸರ!"

ಅವನಿಗೇನವಸರ? ಅವನ ಹತ್ರ ಒಂದು ಕುರಿ ಇಲ್ಲ! ಹಟ್ಟಿ ಕುರಿಗಳು ಆ ಬೇಸಿಗೆ ಪೂರಾ ಕಳ್ಳಿ ಬೇಲಿ ಮೂಸಿಕೊಂಡು ನಿಂತವು. ಮರಿಗಳು ಸತ್ತವು. ಕಂಡೋರ ಮನೆ ತುಪ್ಪದಲ್ಲಿ ಧಾರಾಳ ಆಗೋರು ಆವಾಗಲೂ ಇದ್ರು, ಈವಾಗಲೂ ಇದ್ದಾರೆ.

ಬೊಮ್ಮಣ್ಣ ಸಿಟ್ಟಾದ. "ಕುರಿ ಬಾಲ ಮುಟ್ಟದೋನು ನಮ್ಮ ಕುರಿ ನ್ಯಾಯ ಹೇಳ್ತಾನಾ? ಇನ್ನು ನಮ್ಮ ದಾರಿ ನಮಗೆ" ಅಂದ. ಹಟ್ಟಿಗೆ ಬೇರೆ ಊರಬಾಗಿಲು ನೆಟ್ಟರು, ಬೇರೆ ಬೇಲಿ ಹಾಕಿದರು, ಹೊಸಬೀಡು ಅಂತ ಹೆಸರಿಟ್ಟರು. ತಮಟೆ ಬಡಿದು ಕುಣಿದರು. ಕುಣಿಯೋಕೇನು, ಕಾಲಿದ್ರೆ ಸಾಕು.

ಮಾಳಕ್ಕ ಕೇಳಿದಳಂತೆ, "ಅಪ್ಪಾ, ಕಟ್ಟೆಮನೇಲಿ ಕೇಳಿದ್ಯಾ?"

"ಕೇಳೋದೇನೇ? ಅಪ್ಪನ ಮನೆಯಿಂದ ಬೇರೆ ಆದ ಮಗ ಕುಲದಿಂದ ಹೊರಗೆ ಹೋಗ್ತಾನೇನೆ? ಕಟ್ಟೆಮನೆಗೆ ಕಂಬಳಿ ಹೊತ್ತೋರೇ ನಾವು. ಈ ಸಲ ಹೊತ್ತೊಯ್ದು ಹಾಸಿ, ನಾವೇ ಮೇಲೆ ಕೂರೋದು. ಅಷ್ಟೇ!"

"ಹಂಗಂತ ಅವರು ಹೇಳಿದ್ರಾ?"

"ನಾನು ಹೇಳ್ತಾ ಇದೀನಲ್ಲ!"

ಒಂದು ವಾರ ಆಗಿರಲಿಲ್ಲ, ಹಾಲಗೊಂದಿಯಿಂದ ಬೀಗರ ಕಡೆಯೋರು ಬಂದರು. ಮುಖ ಕೆಳಗೆ ಹಾಕಿಕೊಂಡು ಬಂದರು. "ಯಜಮಾನ್ರೇ, ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ಹುಡುಗ ಊಟ ಬಿಟ್ಟು ಕೂತವ್ನೆ. ಆದ್ರೆ ಕಟ್ಟೆಮನೇಲಿ ಇರೋದು ಹಿರೇಬೀಡು. ಹೊಸಬೀಡು ಅನ್ನೋ ಊರನ್ನ ನಾವು ಕೇಳಿಲ್ಲ. ಕೇಳಿಲ್ಲದ ಊರಿನ ಹೆಣ್ಣು ತಂದ್ರೆ ನಮಗೆ ಬೆಂಕಿ ನೀರು ನಿಲ್ಲಿಸ್ತಾರೆ. ಕಟ್ಟೇಲಿ ಹೂಂ ಅನ್ನಿಸಿ, ನಾಳೇನೇ ಚಪ್ಪರ ಹಾಕಣ."

ಮಾಳಕ್ಕ ಒಲೆ ಮುಂದೆ ಕೂತು ಅತ್ತಳಂತೆ. ಕುಣಿದೋರು ಯಾರೋ, ಅಳೋಳು ಯಾರೋ!

ಬೊಮ್ಮಣ್ಣ ಕಂಬಳಿ ಹೆಗಲಿಗೆ ಹಾಕಿಕೊಂಡು ಕಟ್ಟೆಗೆ ಹೊರಟ. ರೊಟ್ಟಿ ಗಂಟು ಹಿಡಿದು ಮಾಳಕ್ಕ ಹಿಂದೆ ಹೋದಳು. ಕಟ್ಟೆ ಮೇಲೆ ಏಳೂರ ಗೌಡರೂ ನಿಂತಿದ್ರು. ಮಿಕ್ಕ ಆರೂರಿಗೂ ಒಂದೊಂದು ಹಟ್ಟಿ ಇತ್ತಲ್ಲ, ಆ ಹಟ್ಟಿಯೋರು ಅವರವರ ಗೌಡನ ಹಿಂದೆ.

"ಹಿರಿಯಾ, ನಮ್ಮೂರು ಹೊಸಬೀಡು. ನಾನೆಲ್ಲಿ ಕೂರಲಿ?" ಅಂದ ಬೊಮ್ಮಣ್ಣ.

ಪಾಲಯ್ಯ ಗಡ್ಡ ನೀವಿಕೊಂಡ. "ಕೂರೋದು ಆಮೇಲಪ್ಪ. ಮನೆ ಬಿಟ್ಟೋನು ಬಾಗಿಲು ತಟ್ಟೇ ಒಳಗೆ ಬರಬೇಕು. ಹೊಸ ಊರು ಬರಬೇಕಾದ್ರೆ ಏಳೂರೂ ಹೂಂ ಅನ್ನಬೇಕು. ಒಬ್ಬ ಊಹೂಂ ಅಂದ್ರೂ ಇಲ್ಲ."

"ಏಳೂರಲ್ಲಿ ಹಿರೇಬೀಡೂ ಐತಲ್ಲ!"

"ಐತಲ್ಲ."

ಮುದ್ದಪ್ಪಗೌಡ ಮೀಸೆ ತಿರುವಿದ. "ಊಹೂಂ" ಅಂದ. ಅದನ್ನನ್ನೋಕೆ ರಾತ್ರಿಯಿಂದ ಬಾಯಿ ತೊಳ್ಕೊಂಡು ಕಾದಿದ್ದ ಅಂತೆ.

ಮಿಕ್ಕ ಗೌಡರು? ಬೊಮ್ಮಣ್ಣನ ಮೇಲೆ ಅವರಿಗೇನೂ ಹಗೆ ಇರಲಿಲ್ಲ. ಪಾಪ, ಒಳ್ಳೆ ಮನುಷ್ಯ ಅಂತಲೇ ಅಂತಿದ್ರು. ಆದ್ರೆ ಒಬ್ಬೊಬ್ಬನೂ ಮೆಲ್ಲಗೆ ಹಿಂದೆ ತಿರುಗಿ, ಕೈಕಟ್ಟಿ ನಿಂತಿದ್ದ ತನ್ನ ಹಟ್ಟಿಯೋರನ್ನ ನೋಡಿದ. ಅವರು ಕಿವಿ ನಿಮಿರಿಸಿ ಕೇಳ್ತಾ ಇದ್ರು. ಆಗ ಎಲ್ಲ ಗೌಡರಿಗೂ ಒಟ್ಟಿಗೆ ಸಂಪ್ರದಾಯದ ಮೇಲೆ ಭಕ್ತಿ ಬಂತು. "ಊಹೂಂ, ಊಹೂಂ, ಹಿರೀಕರು ಮಾಡಿದ ಕಟ್ಟು ಮುರಿಯೋದುಂಟಾ!" ಅಂದರು.

ಬೊಮ್ಮಣ್ಣನ ಮುಖ ಕಪ್ಪಿಟ್ಟಿತು. ಮಗಳ ಕಡೆ ನೋಡೋಕೆ ಆಗಲಿಲ್ಲ ಅವನಿಗೆ.

ಮಾಳಕ್ಕ ಮುಂದೆ ಬಂದಳು. "ತಾತಾ, ಒಂದು ಮಾತು. ಕಂಬಳಿ ಇನ್ನೂ ಹಾಸೇ ಇಲ್ಲವಲ್ಲ. ಇಷ್ಟೊತ್ತು ಆಡಿದ್ದು ನೆಲದ ಮೇಲಿನ ಮಾತಲ್ವಾ?"

ಪಾಲಯ್ಯ ಕೆಳಗೆ ನೋಡಿದ. ಬರೀ ಕಲ್ಲು! "ಅಯ್ ಶಿವನೇ, ಹೌದಲ್ಲ! ಹಿರೇಬೀಡಿನ ಬಾಬ್ತು. ಹಾಸಪ್ಪಾ ಗೌಡ."

"ಹಾಸೋ ಬೊಮ್ಮ" ಅಂದ ಗೌಡ, ಅಭ್ಯಾಸದ ಮೇಲೆ.

"ನಾನ್ಯಾವೂರೋನು ಅಂತ ಹಾಸಲಿ ಗೌಡ್ರೇ? ಹೊರಗಿನೋರ ಕಂಬಳಿ ಕಟ್ಟೆಗೆ ಆಗುತ್ತಾ?" ಅಂದ ಬೊಮ್ಮಣ್ಣ.

ಗೌಡ ಆಳು ಓಡಿಸಿ ಮನೆಯಿಂದ ಕೆಂಪು ಜಮಖಾನ ತರಿಸಿದ. "ಇದರ ಮೇಲೆ ಮದುವೆ ಊಟಕ್ಕೆ ಕೂರಬಹುದು, ನ್ಯಾಯಕ್ಕಲ್ಲ" ಅಂದ ಪಾಲಯ್ಯ. ಮುದ್ದಪ್ಪ ಪಕ್ಕದೂರ ಗೌಡನ ಕಂಬಳಿ ಈಸ್ಕೊಂಡ. "ಇದು ನಿಮ್ಮೂರ ಉಣ್ಣೆಯಲ್ಲ" ಅಂದ ಪಾಲಯ್ಯ. ಊರಲ್ಲಿ ಉಣ್ಣೆ ಹುಡುಕಿಸಿದ. ಹಿರೇಬೀಡಲ್ಲಿ ಎತ್ತು ಇದ್ವು, ಎಮ್ಮೆ ಇದ್ವು, ಗೌಡನ ಮೀಸೆ ಇತ್ತು. ಉಣ್ಣೆ ಎಲ್ಲಿಂದ ಬರಬೇಕು?

"ಬಾಬ್ತು ತರದ ಊರು ಕಟ್ಟೆ ಇಳೀಬೇಕಪ್ಪ" ಅಂದ ಪಾಲಯ್ಯ. "ಕಟ್ಟು ಕಟ್ಟೇ. ಈಗ ತಾನೇ ನೀವೆಲ್ಲ ಅಂದ್ರಲ್ಲ."

ಗೌಡ ಇಳಿದ. ಇಳಿದು ಬೊಮ್ಮಣ್ಣನ ಪಕ್ಕದಲ್ಲೇ ಬಿಸಿಲಿಗೆ ನಿಂತ. ಅವನ ಎತ್ತುಗಳು ಆ ಹೊತ್ತಿಗೆ ಪಕ್ಕದೂರ ಕಾವಲಲ್ಲಿ ಮೇಯ್ತಾ ಇದ್ವು, ದೊಡ್ಡಿ ಬಾಗಿಲು ಅವನ ಕಣ್ಣಿಗೇ ಕಟ್ಟಿತು. ಮೇಲೆ ಮಿಕ್ಕಿದ್ದು ಆರೂರು. ಏಳೂರ ಕಟ್ಟೆಮನೇಲಿ ಆರು ಕೂತ್ರೆ ಅದು ಹರಟೆ. ಹೊರಗಿದ್ದೋರನ್ನ ಒಳಗೆ ಕರೆಯೋಕೂ ಕಟ್ಟೆಮನೇನೇ ಇಲ್ಲ!

"ಗೌಡ್ರೇ, ನಿಮಗೆ ಜಾಗ ಐತೆ, ಕಂಬಳಿ ಇಲ್ಲ. ನಮಗೆ ಕಂಬಳಿ ಐತೆ, ಜಾಗ ಇಲ್ಲ. ಇಬ್ಬರೂ ಹಾಸ್ರಿ, ಇಬ್ಬರೂ ಕೂರ್ರಿ" ಅಂದಳು ಮಾಳಕ್ಕ.

"ಇವನ ಜೊತೆ ನಾನಾ?" ಅಂದ ಗೌಡ. "ಇವರ ಜೊತೆ ನಾನಾ?" ಅಂದ ಬೊಮ್ಮಣ್ಣ.

ಆಗ ಆ ಹುಡುಗಿ ಅಂದಳಂತೆ, "ಅಪ್ಪಾ, ನೀನು ಬೇರೆ ಆಗಿದ್ದು ಇವರ ಮೇಲಿನ ಸಿಟ್ಟಿಗೆ. ನನ್ನ ಮೇಲೆ ನಿನಗೇನು ಸಿಟ್ಟಿತ್ತು?"

ಬೊಮ್ಮಣ್ಣನಿಗೆ ಕಣ್ಣೀರು ಬಂತು. ಕಂಬಳಿಯ ಒಂದು ತುದಿ ತಾನು ಹಿಡಿದ, ಇನ್ನೊಂದು ತುದಿ ಗೌಡನ ಕಡೆ ಚಾಚಿದ. ಗೌಡ ಎತ್ತುಗಳನ್ನ ನೆನೆಸಿಕೊಂಡು ಹಿಡಿದ. ಹಾಸಿದರು. ಕೂರೋರು ಇಬ್ಬರಾದ್ರೂ ಜಾಗ ಒಬ್ಬನದೇ, ಮಾತೂ ಒಂದೂರದೇ. ಮುಖ ನೋಡೋಕಾಗದೆ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಇಬ್ಬರೂ ಒಟ್ಟಿಗೆ ಹೂಂ ಅಂದ್ರೇ ಅದು ಹೂಂ ಅಂತ ಕಟ್ಟು ಮಾಡಿದ ಪಾಲಯ್ಯ. ಮೊದಲು ಬೆಳಗಿನ ಹೊತ್ತಲ್ಲಿ ಮುಗೀತಿದ್ದ ನ್ಯಾಯ ಆವತ್ತಿಂದ ಹೊತ್ತು ಮುಳುಗೋತನಕ ಎಳೀತಂತೆ. ಆದ್ರೂ ಮುಂದಿನ ಬೇಸಿಗೇಲಿ ಕಾವಲಿಗೆ ಮೊದಲು ಬಿದ್ದಿದ್ದು ಹಟ್ಟಿ ಕುರೀನೇ.

ಮಿಕ್ಕ ಆರು ಗೌಡರು ಆವತ್ತು ಮನೆಗೆ ಹೋಗ್ತಾ, ಹುಟ್ಟಿದಾಗಿನಿಂದ ಕೇಳದೋರು, ತಮ್ಮ ಹಟ್ಟಿಯೋರನ್ನ "ಊಟ ಆಯ್ತೇನ್ರಪ್ಪಾ?" ಅಂತ ಕೇಳಿದ್ರಂತೆ.

ಮಾಳಕ್ಕನ ಮದುವೆ ಬಂತು. ಧಾರೆ ಹೊತ್ತಲ್ಲಿ ಹಾಲಗೊಂದಿ ಹಿರಿಯರು "ಹೆಣ್ಣು ಯಾವೂರದು?" ಅಂತ ಕೇಳಿದ್ರು. "ಹಿರೇಬೀಡು" ಅಂದ ಗೌಡ. "ಹೊಸಬೀಡು" ಅಂದ ಬೊಮ್ಮಣ್ಣ. ಶುರುವಾಯ್ತು! ಧಾರೆ ನೀರು ಹಿಡಿದೋನು ಹಿಡಿದಂಗೇ ನಿಂತ. ಮುಹೂರ್ತ ಮೀರೋ ಹಂಗಾಯ್ತು.

ಮಾಳಕ್ಕ ತಲೆ ಎತ್ತಿ, "ಹೆಣ್ಣು ಹಾಲಗೊಂದಿದು. ನೀರು ಬಿಡ್ರಿ" ಅಂದಳು.

ನೀರು ಬಿಟ್ಟರು. ಆವತ್ತು ಸಂಜೆಯೊಳಗೆ ಅವಳಿಗೆ ಮನೆ ಬೇರೆ, ಹಟ್ಟಿ ಬೇರೆ, ಊರು ಬೇರೆ, ದೇವರೂ ಬೇರೆ. ಯಾವ ಕಟ್ಟೆಮನೇನೂ ಸೇರಲಿಲ್ಲ. ಯಾರೂ ಊಹೂಂ ಅನ್ನಲಿಲ್ಲ. ಹೂಂ ಅಂತೀಯೇನಮ್ಮಾ ಅಂತ ಅವಳನ್ನ ಕೇಳಿದೋರೂ ಯಾರಿಲ್ಲ.

ಅವರ ಊರು ಅವರಿಗೆ, ನಮ್ಮ ಜಗಲಿ ನಮಗೆ. ಕೇಳಿದೋರ ಒಲೆ ಆರದಿರಲಿ, ಹೇಳಿದೋಳ ಬಾಯಿಗೆ ಒಂದೆಲೆ ಬೀಳಲಿ.