ತಳ್ಳಿದರೆ ಹೊರಡುವ ಕಾರು

"ಗುರುಗಳೇ, ನನ್ನ ಸಿಟ್ಟು ಎಲ್ಲಿಂದ ಬರುತ್ತದೆ?" ಎಂದು ಮರುಳಸಿದ್ಧ ಕೇಳಿದ.

ಅವನು ಮಠಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಆ ದಿನ ಬೆಳಿಗ್ಗೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಠದ ವಯಸ್ಸಾದ ಅಡುಗೆಯವರ ಮೇಲೆ ಕೂಗಾಡಿದ್ದ. ಅವರು ಸೌಟು ಕೆಳಗಿಟ್ಟು, ಇನ್ನು ಈ ಅಡುಗೆಮನೆಗೆ ಕಾಲಿಡುವುದಿಲ್ಲ ಎಂದು ಅಳುತ್ತ ಹೊರಟುಹೋಗಿದ್ದರು. ಮರುಳಸಿದ್ಧನಿಗೆ ತನ್ನ ಮೇಲೆಯೇ ಅಸಹ್ಯವಾಗಿತ್ತು.

"ಅದು ದಿನವೂ ಬರುವುದಿಲ್ಲ. ವಾರಗಟ್ಟಲೆ ಸುಳಿವೇ ಇರುವುದಿಲ್ಲ. ಬಂದಾಗ ನಿಮ್ಮ ಬಳಿ ಓಡಿ ಬರುತ್ತೇನೆ, ನೀವು ಎರಡು ಮಾತು ಹೇಳುತ್ತೀರಿ, ಇಳಿದುಹೋಗುತ್ತದೆ. ಇಳಿದ ಮೇಲೆ ಹುಡುಕಿದರೆ ಒಳಗೆ ಏನೂ ಸಿಗುವುದಿಲ್ಲ. ಉಪವಾಸ ಮಾಡಿದೆ, ಮೌನ ಹಿಡಿದೆ, ಖಾರ ಬಿಟ್ಟೆ. ಏನೂ ಆಗಲಿಲ್ಲ."

"ಪಾಪ, ಖಾರ ಏನು ಮಾಡಿತ್ತಪ್ಪ ನಿನಗೆ?" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೊಲಿಗೆ ಟೀಚರಮ್ಮ ಇದ್ದಳು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲಿಗೆ ಶಕ್ತಿ ಇರಲಿಲ್ಲ. ಕ್ಲಚ್ ತುಳಿಯಲು ಆಗದ ಕಾಲು. ಅದಕ್ಕೇ ಅವಳ ಬಳಿ ಒಂದು ಹಳೆಯ ಆಟೊಮ್ಯಾಟಿಕ್ ಕಾರು ಇತ್ತು. ಅದಕ್ಕೆ ಕ್ಲಚ್ಚೇ ಇಲ್ಲ, ಬಲಗಾಲೊಂದಿದ್ದರೆ ಸಾಕು.

ಅವಳ ತಮ್ಮನಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆ ಮೂರು ದಿನ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಬೇಕು. ಬೆಳಿಗ್ಗೆ ಏಳಕ್ಕೆ ಯಂತ್ರದ ಪಕ್ಕದಲ್ಲಿ ಮಲಗಿರಬೇಕು. ತಡವಾದರೆ ಕಾದು ಕೂತ ಇನ್ನೊಬ್ಬ ರೋಗಿಯನ್ನು ಮಲಗಿಸುತ್ತಾರೆ. ಅದು ಆಸ್ಪತ್ರೆಯವರ ತಪ್ಪಲ್ಲ, ಯಂತ್ರಗಳು ಇರುವುದೇ ಕಡಿಮೆ. ಬಸ್ಸಿನಲ್ಲಾಗಲಿ ಆಟೊದಲ್ಲಾಗಲಿ ಅಷ್ಟು ದೂರ ಕೂರುವ ತ್ರಾಣ ತಮ್ಮನಿಗಿರಲಿಲ್ಲ. ಆದ್ದರಿಂದ ಆ ಕಾರು ಹೊರಟರೆ ಅವನು ಬದುಕಿದ ಹಾಗೆ.

ಕಾರು ಕೆಲವು ದಿನ ಹೊರಡುತ್ತಿರಲಿಲ್ಲ.

ಕೀ ತಿರುಗಿಸಿದರೆ ದೀಪಗಳು ಹೊತ್ತಿಕೊಳ್ಳುತ್ತಿದ್ದವು, ಹಾರನ್ ಕೂಗುತ್ತಿತ್ತು, ಎಂಜಿನ್ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅವಳ ಮನೆಯ ಎದುರಿಗೇ ಆಟೊ ನಿಲ್ದಾಣ. ಆಟೊದವರು ಒಳ್ಳೆಯವರು. ನಾಲ್ಕು ಜನ ಓಡಿಬಂದು ಕಾರನ್ನು ತಳ್ಳುತ್ತಿದ್ದರು. ಹತ್ತು ಹೆಜ್ಜೆ ತಳ್ಳಿ, "ಈಗ ಹಾಕಿ ಟೀಚರಮ್ಮ" ಎಂದು ಕೂಗುತ್ತಿದ್ದರು. ಅವಳು ಕೀ ತಿರುಗಿಸಿದರೆ ಕಾರು ಹೊರಡುತ್ತಿತ್ತು. ಅವಳು ಕೈಮುಗಿದು ಹೋಗುತ್ತಿದ್ದಳು. ಅವರು ಆ ದಿನವೆಲ್ಲ ಖುಷಿಯಾಗಿರುತ್ತಿದ್ದರು.

ಸಂಜೆ ಅವಳು ಕಾರನ್ನು ಮೇಸ್ತ್ರಿಯ ಗ್ಯಾರೇಜಿಗೆ ಒಯ್ಯುತ್ತಿದ್ದಳು. ಅಲ್ಲಿ ಅದು ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತಿತ್ತು. ಮೇಸ್ತ್ರಿ ಕೆಲಸ ಬಲ್ಲವನು, ಆದರೆ ಬಹಳ ಬೇಗ ಸಮಾಧಾನಪಡುವವನು. ಸ್ಟಾರ್ಟ್ ಆದ ಗಾಡಿಯನ್ನು ಮತ್ತೆ ತಿರುಗಿ ನೋಡುವುದು ಅವನ ಪದ್ಧತಿಯಲ್ಲ. ಮೊದಲ ಸಲ ಬ್ಯಾಟರಿ ಬದಲಾಯಿಸಿದ. ಎರಡನೆಯ ಸಲ ಸೆಲ್ಫ್ ಮೋಟರು, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಮೋಟರು, ಅದನ್ನು ಬಿಚ್ಚಿ ಹೊಸದು ಹಾಕಿದ. ಮೂರನೆಯ ಸಲ ಕೀ ಹಿಂದಿನ ವೈರುಗಳನ್ನೆಲ್ಲ ಬದಲಿಸಿದ. ಪ್ರತಿ ಸಲವೂ ಈ ಸಲ ಹಿಡಿದುಬಿಟ್ಟೆ ಎಂದು ಮನಸ್ಸಿನಲ್ಲೇ ಬೀಗುತ್ತಿದ್ದ. ನೀನು ಖಾರ ಬಿಟ್ಟೆಯಲ್ಲ, ಹಾಗೆ.

ಒಂದು ಸಲ ಟೀಚರಮ್ಮ, ತಳ್ಳಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ ಎಂದಳು. ಮೇಸ್ತ್ರಿ ನಕ್ಕುಬಿಟ್ಟ. "ಇಂಥ ಗಾಡಿ ತಳ್ಳಿದ್ರೆ ಸ್ಟಾರ್ಟ್ ಆಗಲ್ಲ ಟೀಚರಮ್ಮ. ಬೇರೆ ಕಾರು ಆಗುತ್ತೆ, ಇದು ಆಗಲ್ಲ. ಆಟೊದೋರಿಗೆ ಏನ್ ಗೊತ್ತು?" ಅವನು ಹೇಳಿದ್ದು ನಿಜ. ಆಟೊಮ್ಯಾಟಿಕ್ ಕಾರನ್ನು ಊರಾಚೆಯವರೆಗೆ ತಳ್ಳಿದರೂ ಅದು ಎದ್ದೇಳುವುದಿಲ್ಲ. ಆದರೆ ತಳ್ಳಿದ ಮೇಲೆ ಕಾರು ಹೊರಟಿದ್ದೂ ನಿಜ. ಎರಡು ನಿಜಗಳು ಒಂದಕ್ಕೊಂದು ಹೊಂದದೆ ಎದುರಿಗೆ ಬಂದು ನಿಂತಾಗ ಅವನು ಕೂತು ಯೋಚಿಸಬೇಕಿತ್ತು. ನಕ್ಕು ಕಳಿಸಿದ. ತಿಳಿದವರ ರೋಗ ಇದು.

ಒಂದು ಮಂಗಳವಾರ ಕಾರು ಆಸ್ಪತ್ರೆಗೆ ತಡವಾಗಿ ಮುಟ್ಟಿತು. ಆಟೊದವರೆಲ್ಲ ಬಾಡಿಗೆಗೆ ಹೋಗಿದ್ದರು, ತಳ್ಳುವವರು ಸಿಗುವಷ್ಟರಲ್ಲಿ ಹೊತ್ತಾಗಿತ್ತು. ಯಂತ್ರದ ಪಕ್ಕದಲ್ಲಿ ಬೇರೆಯವರು ಮಲಗಿದ್ದರು. ಮುಂದಿನ ಸರದಿ ಗುರುವಾರ. ಆ ಎರಡು ದಿನ ತಮ್ಮ ಮಲಗಲಾರದೆ ಗೋಡೆಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡಿದ. ಅಕ್ಕ ಅವನ ಪಕ್ಕದಲ್ಲೇ ಕೂತಿದ್ದಳು.

ಶುಕ್ರವಾರ ಅವಳು ಗ್ಯಾರೇಜಿಗೆ ಬಂದಳು. ದನಿ ಏರಿಸಲಿಲ್ಲ. "ಇನ್ನು ಯಾವ ಸಾಮಾನೂ ಬದಲಾಯಿಸ್ಬೇಡಿ. ಅದಕ್ಕೆ ಏನಾಗಿದೆ ಅಂತ ನಿಮಗೆ ಗೊತ್ತೋ ಇಲ್ವೋ, ಅಷ್ಟು ಹೇಳಿ."

ಮೇಸ್ತ್ರಿ ಸ್ಪ್ಯಾನರ್ ಒರೆಸುತ್ತ ನಿಂತ. ಮೂವತ್ತು ವರ್ಷದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಕೊನೆಗೆ ಹೇಳಿದ. "ಗೊತ್ತಿಲ್ಲ ತಾಯಿ. ನಾಳೆಯಿಂದ ಬೆಳಿಗ್ಗೆ ನಾನೇ ನಿಮ್ಮನೆಗೆ ಬರ್ತೀನಿ. ನನ್ನ ಕಣ್ಮುಂದೆ ಅದು ಕೆಡೋವರೆಗೂ ಬಿಡಲ್ಲ."

ಆಡಿದ ಮಾತು ನಡೆಸಿದ. ದಿನವೂ ಐದೂವರೆಗೆ ಅವಳ ಮನೆ ಮುಂದೆ ಬಂದು ನಿಲ್ಲುತ್ತಿದ್ದ. ಕೈಯಲ್ಲಿ ಟೆಸ್ಟ್ ಲ್ಯಾಂಪ್, ವೈರಿನಲ್ಲಿ ಕರೆಂಟ್ ಇದ್ದರೆ ಉರಿಯುವ ಸಣ್ಣ ದೀಪ. ಟೀಚರಮ್ಮ ಕೀ ತಿರುಗಿಸುತ್ತಿದ್ದಳು. ಕಾರು ಹೊರಡುತ್ತಿತ್ತು. ಮೇಸ್ತ್ರಿ ಜೋಲುಮುಖ ಹಾಕಿಕೊಂಡು ವಾಪಸಾಗುತ್ತಿದ್ದ. ಗಾಡಿ ಕೆಡಲಿ ಎಂದು ಹರಕೆ ಹೊತ್ತ ಮೇಸ್ತ್ರಿಯನ್ನು ಊರು ಅದೇ ಮೊದಲು ನೋಡಿದ್ದು. ಆಟೊದವರು ಚುಡಾಯಿಸಿದರು, ಮನೆಯಲ್ಲಿ ಹೆಂಡತಿ ರೇಗಿದಳು, ಗ್ಯಾರೇಜಿನ ಮುಂದೆ ಗಿರಾಕಿಗಳು ಕಾದು ಬೈದರು. ಅವನು ಮರುದಿನವೂ ಹೋದ. ಅದರ ಮರುದಿನವೂ ಹೋದ.

ಹದಿನೆಂಟನೆಯ ಬೆಳಿಗ್ಗೆ ಕಾರು ಹೊರಡಲಿಲ್ಲ.

ಅಂದು ಆಸ್ಪತ್ರೆಯ ದಿನ. ತಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದ. ಅವನ ಮುಖ ಊದಿತ್ತು. ಆಟೊದವರು ಎಂದಿನಂತೆ ಓಡಿಬಂದು ಕಾರಿನ ಹಿಂದೆ ಕೈ ಇಟ್ಟರು. ಮೇಸ್ತ್ರಿ ಅಡ್ಡ ನಿಂತ.

"ಯಾರೂ ಮುಟ್ಟಬೇಡಿ!"

"ಟೈಮಾಯ್ತು ಮೇಸ್ತ್ರಿ, ತಳ್ಳಲಿ ಬಿಡಿ. ಇವನನ್ನ ನೋಡಿ ಒಂದ್ಸಲ," ಎಂದಳು ಟೀಚರಮ್ಮ.

"ತಳ್ಳಿದ್ರೆ ಇವತ್ತು ಹೋಗ್ತೀರಿ. ಗುರುವಾರ?"

ಆಟೊದವರಿಗೆ ಸಿಟ್ಟು ಬಂತು. ಉಪಕಾರಕ್ಕೆ ಬಂದವರನ್ನು ತಡೆದರೆ ಯಾರಿಗೂ ಸಿಟ್ಟು ಬರುತ್ತದೆ. ಅವಳು ಅತ್ತ ಅವರನ್ನು ನೋಡಿದಳು, ಇತ್ತ ಮೇಸ್ತ್ರಿಯನ್ನು ನೋಡಿದಳು. ಆಗ ಹಿಂದಿನ ಸೀಟಿನಿಂದ ತಮ್ಮ ಹೇಳಿದ, "ನೋಡ್ಲಿ ಬಿಡಕ್ಕ. ಹತ್ತು ನಿಮಿಷ ತಡ್ಕೋತೀನಿ."

ಮೇಸ್ತ್ರಿ ಬಾನೆಟ್ ಎತ್ತಿದ. ಬ್ಯಾಟರಿ ಚೆನ್ನಾಗಿತ್ತು. ಸೆಲ್ಫ್ ಮೋಟರಿಗೆ ಹೋಗುವ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಕೀ ತಿರುಗಿಸಲು ಹೇಳಿದ. ದೀಪ ಉರಿಯಲಿಲ್ಲ. ಮೋಟರಿನ ತಪ್ಪಲ್ಲ, ಅದಕ್ಕೆ ಹುಕುಮೇ ತಲುಪುತ್ತಿಲ್ಲ. ಎಲ್ಲಿ ನಿಂತಿದೆ? ಕಾರು ಸ್ಟಾರ್ಟ್ ಆದ ದಿನಗಳಲ್ಲಿ ಇದನ್ನು ನೋಡಲು ಸಾಧ್ಯವೇ ಇರಲಿಲ್ಲ. ಅವನು ತಲೆ ಎತ್ತಿ ಆಟೊದವರನ್ನು ಕೇಳಿದ. ಮೂರು ತಿಂಗಳ ಹಿಂದೆ ಕೇಳಬೇಕಿದ್ದ ಪ್ರಶ್ನೆ ಅದು.

"ತಳ್ಳೋಕೆ ಮುಂಚೆ ಏನ್ ಮಾಡ್ತೀರಿ?"

"ಏನ್ ಮಾಡ್ತೀವಿ? ಚಕ್ರ ಬಿಡ್ಬೇಕಲ್ಲ, ಗೇರು ಪಿಯಿಂದ ಎನ್‌ಗೆ ಹಾಕಿ ಅಂತೀವಿ," ಎಂದ ಅವರಲ್ಲಿ ಹಿರಿಯ.

ಇದನ್ನು ನಿನಗೆ ಬಿಡಿಸಿ ಹೇಳಬೇಕು. ಅಂಥ ಕಾರಿನ ಗೇರು ಹಿಡಿಯಲ್ಲಿ ಪಿ ಅಂದರೆ ನಿಲುಗಡೆ, ಚಕ್ರ ಕಚ್ಚಿ ಹಿಡಿದಿರುತ್ತದೆ. ಎನ್ ಅಂದರೆ ಚಕ್ರ ಸಡಿಲ. ಈ ಎರಡರಲ್ಲಿ ಮಾತ್ರ ಕಾರು ಸ್ಟಾರ್ಟ್ ಆಗಬೇಕು, ಇಲ್ಲದಿದ್ದರೆ ಕೀ ತಿರುಗಿಸಿದ ಕೂಡಲೇ ಯಾರ ಮೇಲಾದರೂ ಹರಿದೀತು. ಗೇರು ಎಲ್ಲಿದೆ ಎಂದು ನೋಡಿ ಅಪ್ಪಣೆ ಕೊಡಲು ಅಲ್ಲೊಂದು ಸಣ್ಣ ಸ್ವಿಚ್ ಇರುತ್ತದೆ.

ಮೇಸ್ತ್ರಿ ಕಾರಿನ ಬಾಗಿಲಿಗೆ ಬಂದ. "ಟೀಚರಮ್ಮ, ಎನ್‌ಗೆ ಹಾಕಿ. ಯಾರೂ ತಳ್ಳಬೇಡಿ. ಈಗ ಕೀ ತಿರುಗಿಸಿ."

ಕಾರು ಸ್ಟಾರ್ಟ್ ಆಯಿತು.

ಆಟೊದವರು ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ನಿಂತರು. ಮೇಸ್ತ್ರಿ ಎಂಜಿನ್ ಆರಿಸಲು ಹೇಳಿದ. ಪಿಗೆ ಹಾಕಿಸಿದ, ಸದ್ದಿಲ್ಲ. ಎನ್‌ಗೆ ಹಾಕಿಸಿದ, ಹೊರಟಿತು. ಮತ್ತೆ ಪಿ, ಸದ್ದಿಲ್ಲ. ಮೂರು ಸಲ ನೋಡಿದ ಮೇಲೆಯೇ ನಂಬಿದ. "ಇವತ್ತು ಎನ್‌ನಲ್ಲೇ ಸ್ಟಾರ್ಟ್ ಮಾಡ್ಕೊಂಡು ಹೋಗ್ಬನ್ನಿ," ಎಂದ. ಅವರು ಆಸ್ಪತ್ರೆ ಮುಟ್ಟಿದಾಗ ಏಳಕ್ಕೆ ಇನ್ನೂ ಎರಡು ನಿಮಿಷವಿತ್ತು.

ಮಧ್ಯಾಹ್ನ ಸ್ವಿಚ್ ಬಿಚ್ಚಿದ. ಒಳಗೆ ಪಿ ಜಾಗದ ತಾಮ್ರ ಸವೆದು ಕರ್ರಗಾಗಿತ್ತು, ಎನ್ ಜಾಗದ್ದು ಹೊಸದರಂತಿತ್ತು. ಹದಿನೆಂಟು ವರ್ಷ ದಿನವೂ ಪಿಯಲ್ಲಿಯೇ ಕೀ ತಿರುಗಿಸಿದ್ದರು. ಒಂದು ದಿನ ತಾಗುತ್ತಿತ್ತು, ಇನ್ನೊಂದು ದಿನ ತಾಗುತ್ತಿರಲಿಲ್ಲ, ಅಷ್ಟೆ. ಅಂಗೈಯಗಲದ ಸ್ವಿಚ್ ಅದು. ಬೇರೆ ಹಾಕಿದ. ಆಮೇಲೆ ಆ ಕಾರು ಒಂದು ದಿನವೂ ತಕರಾರು ಮಾಡಲಿಲ್ಲ.

ಆಟೊದವರನ್ನು ಬೈಯಬೇಡ, ಮರುಳಸಿದ್ಧ. ಅವರ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ. ಅವರ ಬೆವರೂ ಸುಳ್ಳಲ್ಲ. ಆದರೆ ಅವರು ತಳ್ಳಿದಷ್ಟು ದಿನ ರೋಗ ಅವರ ಬೆನ್ನ ಹಿಂದೆ ಹಾಯಾಗಿ ಅಡಗಿ ಕೂತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಮುಖ ಅರಳಿತ್ತು. ಅವನು ಕೈಮುಗಿದ.

"ತಿಳಿಯಿತು ಗುರುಗಳೇ. ಸಿಟ್ಟು ಇಳಿದ ಮೇಲೆ ಹುಡುಕಿ ಫಲವಿಲ್ಲ, ಇರುವಾಗಲೇ ನೋಡಬೇಕು. ಇನ್ನು ಮುಂದೆ ಅದು ಬಂದ ಕ್ಷಣವೇ, ಒಂದು ಗಳಿಗೆಯೂ ತಡಮಾಡದೆ ನಿಮ್ಮ ಬಳಿ ಓಡಿ ಬರುತ್ತೇನೆ."

"ಬರಬೇಡ," ಎಂದರು ಗುರುಗಳು, "ಹನ್ನೊಂದು ವರ್ಷದಿಂದ ನಿನ್ನನ್ನು ತಳ್ಳುತ್ತಿರುವವನು ನಾನೇ."