ತಲೆಗೊಂದು ಓಮೆರ್

ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದವರಿಗೆ ಈ ಕತೆ ಇಲ್ಲ. ಬಳಿದು ತಿಂದವರು ಮಾತ್ರ ಹತ್ತಿರ ಬನ್ನಿ.

ಬಲು ಹಿಂದೆ ಯೆಹೂದ್ಯರ ಹಿರೀಕರು ಐಗುಪ್ತ ದೇಶದ ಜೀತ ಬಿಡಿಸಿಕೊಂಡು ಬಂದು, ಮರಳುಗಾಡಿನಲ್ಲಿ ಗುಡಾರ ಹಾಕಿಕೊಂಡು ಅಲೆಯುತ್ತಿದ್ದರು. ಬಿತ್ತಲು ಹೊಲವಿಲ್ಲ, ಬೀಸಲು ಕಾಳಿಲ್ಲ. ದೇವರೇ ದಿನಾ ಬೆಳಿಗ್ಗೆ ಆಕಾಶದಿಂದ ಊಟ ಸುರಿಸುತ್ತಿದ್ದ. ಕೊತ್ತಂಬರಿ ಬೀಜದ ಗಾತ್ರ, ಬೆಳ್ಳನೆಯ ಬಣ್ಣ, ಜೇನಿನ ರುಚಿ. ಮೊದಲ ದಿನ ಕಂಡವರೆಲ್ಲ ಬಾಯಿ ಬಿಟ್ಟುಕೊಂಡು "ಮಾನ್ ಹೂ?" ಎಂದರು. ಅವರ ಮಾತಿನಲ್ಲಿ ಹಾಗೆಂದರೆ "ಇದೇನು?" ಎಂದು. ಹೆಸರು ಯಾರಿಗೂ ಗೊತ್ತಿರಲಿಲ್ಲವಲ್ಲ, ಕೇಳಿದ ಪ್ರಶ್ನೆಯೇ ಹೆಸರಾಯಿತು. ಅದೇ ಮನ್ನ. ಅಂದಿನಿಂದ "ಮಾನ್ ಹೂ" ಎಂದರೆ "ಇದೇನು?" ಎಂದೂ ಆಯಿತು, "ಇದು ಮನ್ನ" ಎಂದೂ ಆಯಿತು. ಮರೆಯಬೇಡಿ, ಈ ಮಾತು ಮುಂದೆ ಬೇಕಾಗುತ್ತದೆ.

ಆ ಪಾಳೆಯದಲ್ಲಿ ಅಜೂಬಾ ಎಂಬ ವಿಧವೆ ಇದ್ದಳು. ಮಂಡಿ ನೋವಿನವಳು, ಬಗ್ಗಿ ಹೆಕ್ಕಲಾರಳು. ಅವಳಿಗೊಬ್ಬನೇ ಮಗ, ಹೆಸರು ಪೆತಹ್ಯ. ಮುಖದಲ್ಲಿ ಗಡ್ಡ ಮೂಡಿತ್ತು, ತಲೆಯಲ್ಲಿ ಬುದ್ಧಿ ಮೂಡಿರಲಿಲ್ಲ. ಜನರ ಬಾಯಲ್ಲಿ ಪೆತಹ್ಯ ಹೋಗಿ ಪೆದ್ದಯ್ಯನಾಗಿದ್ದ.

ಒಂದು ಬೆಳಿಗ್ಗೆ ಅಜೂಬಾ ಅಂದಳು, "ಲೋ, ಎಷ್ಟು ದಿನ ಅಕ್ಕಪಕ್ಕದವರ ಕೈ ನೋಡೋದು? ಇವತ್ತು ನೀನೇ ಹೋಗಿ ಮನ್ನ ಹೆಕ್ಕು. ದುರಾಸೆ ಬೇಡ. ಕಟ್ಟಳೆ ಇದೆ, ತಲೆಗೊಂದು ಓಮೆರ್, ಅಷ್ಟೇ!"

ಓಮೆರ್ ಎಂದರೆ ನಮ್ಮ ಸೇರಿನ ಹಾಗೆ ಅವರದೊಂದು ಅಳತೆ.

"ಹೇಳಿದ ಹಾಗೇ ಮಾಡ್ತೀನವ್ವ" ಎಂದ ಪೆತಹ್ಯ.

ಹೋದ. ಹೆಕ್ಕಿದ. ಒಂದು ಓಮೆರ್ ಅಳೆದ. ತಲೆಗೆ ಸುರಿದುಕೊಂಡ! ಬಿಸಿಲು ಏರಿತು. ಬಿಸಿಲಿಗೆ ಮನ್ನ ಕರಗುತ್ತದೆ. ಕೂದಲಿಂದ ಕಿವಿಗೆ, ಕಿವಿಯಿಂದ ಕತ್ತಿಗೆ ಇಳಿಯಿತು. ಹಿಂದೆ ನೊಣಗಳ ಮೆರವಣಿಗೆ ಕಟ್ಟಿಕೊಂಡು ಮನೆಗೆ ಬಂದ.

"ಎಲ್ಲೋ ಮನ್ನ?"

"ತಲೆಗೆ ಹಾಕ್ಕೊಂಡು ಬಂದೆನವ್ವ! ನಿನ್ನ ತಲೆಗೂ ಒಂದು ಓಮೆರ್ ತರ್ಲಾ?"

ಅಜೂಬಾ ಹಣೆ ಚಚ್ಚಿಕೊಂಡಳು. "ನಿನ್ನ ಬುದ್ಧಿಗೆ ಬೆಂಕಿ ಹಾಕ! ತಲೆಗೆ ಅಂದ್ರೆ ಆಳಿಗೆ ಕಣೋ, ಆಳಿಗೆ! ಮಡಕೆಗೆ ತುಂಬಬೇಕು, ಬಾಯಿ ಮುಚ್ಚಬೇಕು, ಬಿಸಿಲು ತಾಗದ ಹಾಗೆ ನೆರಳಲ್ಲಿಡಬೇಕು!"

"ಹೇಳಿದ ಹಾಗೇ ಮಾಡ್ತೀನವ್ವ."

ಮರುದಿನ ಹೋದ. ಹೆಕ್ಕಿದ. ಮಡಕೆಗೆ ತುಂಬಿದ. ಬಾಯಿ ಮುಚ್ಚಿದ, ಮಡಕೆಯದನ್ನೂ ತನ್ನದನ್ನೂ! ಒಂದು ಬಂಡೆಯ ನೆರಳು ಹುಡುಕಿ ಕೂತ. ನೆರಳು ಸರಿದ ಹಾಗೆ ತಾನೂ ಮಡಕೆಯೂ ಸರಿದರು. ದಾರಿಯಲ್ಲಿ ಹೋಗುವವರು "ಏನೋ ಪೆದ್ದಯ್ಯ, ಮನೆಗೆ ಹೋಗೋಲ್ವಾ?" ಎಂದರೆ ಮುಚ್ಚಿದ ಬಾಯಿ ತೆರೆಯಲಿಲ್ಲ. ಸಂಜೆಯಾಯಿತು, ಊರೆಲ್ಲ ನೆರಳಾಯಿತು. ಇಷ್ಟು ದೊಡ್ಡ ನೆರಳು ಬಿಟ್ಟು ಏಳುವುದು ಹೇಗೆ? ಅಲ್ಲೇ ಮಲಗಿದ. ಬೆಳಿಗ್ಗೆ ಮಡಕೆ ಹೊತ್ತು ಮನೆಗೆ ಬಂದ.

ದೇವರ ಇನ್ನೊಂದು ಕಟ್ಟಳೆ ಏನೆಂದರೆ, ಇವತ್ತಿನ ಮನ್ನ ಇವತ್ತಿಗೇ. ನಾಳೆಗೆಂದು ಬಚ್ಚಿಟ್ಟರೆ ಹುಳ ಬೀಳುತ್ತದೆ. ಉಪವಾಸ ಬಿದ್ದ ತಾಯಿ ಮುಚ್ಚಳ ತೆಗೆದಳು. ಹುಳ! ಗುಡಾರದ ಸಾಲಿಗೆ ಸಾಲೇ ಮೂಗು ಮುಚ್ಚಿಕೊಂಡು ಹೊರಗೆ ಬಂತು.

"ಅಯ್ಯೋ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಒನಕೆಯೇ! ಬೆಳಗಿನ ತನಕ ಏನನ್ನೂ ಉಳಿಸಬಾರದು! ಒಂದು ಕಾಳೂ ಉಳಿಸಬಾರದು! ಉಳಿದಿದ್ದನ್ನ ಆಡಿಗಾದ್ರೂ ಹಾಕು, ಉಳಿಸಬೇಡ!"

"ಹೇಳಿದ ಹಾಗೇ ಮಾಡ್ತೀನವ್ವ."

ಅದರ ಮರುದಿನ ವಾರದ ಆರನೆಯ ದಿನ. ಏಳನೆಯ ದಿನ ಸಬ್ಬತ್, ಬಿಡುವಿನ ದಿನ. ಅಂದು ಮನ್ನ ಬೀಳುವುದಿಲ್ಲ, ಯಾರೂ ಹೆಕ್ಕಲು ಹೋಗಬಾರದು. ಅದಕ್ಕೇ ಆರನೆಯ ದಿನ ಎರಡರಷ್ಟು ಬೀಳುತ್ತದೆ. ಅವತ್ತು ಉಳಿಸಿದ್ದು ಮಾತ್ರ ಕೆಡುವುದಿಲ್ಲ. ಪೆತಹ್ಯ ಎರಡರಷ್ಟು ಸರಿಯಾಗಿಯೇ ತಂದ! ಅಜೂಬಾ ಹಿಗ್ಗಿ ಹೀರೇಕಾಯಿಯಾಗಿ ರೊಟ್ಟಿ ಸುಟ್ಟಳು, ಅರ್ಧ ತಿಂದರು, ಅರ್ಧ ಸಬ್ಬತ್ತಿಗೆಂದು ಮುಚ್ಚಿಟ್ಟಳು. ಅವಳು ಕಾಲು ಚಾಚಿದ್ದೇ ತಡ, ಪೆತಹ್ಯ ಬುಟ್ಟಿ ಇಣುಕಿದ. ಅಯ್ಯಯ್ಯೋ, ಉಳಿದಿದೆ! ಎಲ್ಲವನ್ನೂ ಬಾಚಿಕೊಂಡು ಹೋಗಿ ಆಡಿಗೆ ಹಾಕಿದ.

ಯಾರ ಆಡಿಗೆ? ಆ ಸಾಲಿನ ಯಜಮಾನ ಎಲಿದಾದನ ಆಡಿಗೆ!

ಆಕಾಶದ ರೊಟ್ಟಿಯ ರುಚಿ ಹತ್ತಿದ ಆಡುಗಳು ಸುಮ್ಮನಿರುತ್ತವೆಯೇ? ಸಬ್ಬತ್ತಿನ ಬೆಳಿಗ್ಗೆ ಹಗ್ಗ ಹರಿದುಕೊಂಡು ಬಂದವು. ಅಜೂಬಾಳ ಗುಡಾರದ ಸುತ್ತ ನಿಂತು "ಮ್ಯಾ, ಮ್ಯಾ" ಎಂದು ಪಾಳೆಯ ಎಬ್ಬಿಸಿದವು. ಹಿಂದೆಯೇ ಎಲಿದಾದ ಬಂದ. ಗಡ್ಡ ಹೊಟ್ಟೆಯ ತನಕ, ಕೋಪ ನೆತ್ತಿಯ ತನಕ.

"ಏನಮ್ಮಾ ಅಜೂಬಾ! ಆವತ್ತು ನೊಣ, ಮೊನ್ನೆ ಹುಳ, ಇವತ್ತು ಆಡು! ಮನ್ನ ಒಳ್ಳೆಯವರ ಬಾಗಿಲಲ್ಲೇ ಬೀಳುತ್ತೆ, ಕೆಟ್ಟವರು ದೂರ ಹೋಗಿ ಹೆಕ್ಕಬೇಕು. ನಿನ್ನ ಬಾಗಿಲಲ್ಲಿ ಒಂದು ದಿನವಾದರೂ ಬಿದ್ದಿದೆಯಾ? ನಾಳೆ ಬಂದು ನೋಡ್ತೀನಿ. ಬಿದ್ದಿದ್ದರೆ ಇರಿ. ಇಲ್ಲವಾ, ಗುಡಾರ ಕಿತ್ತು ಪಾಳೆಯದಿಂದ ಆಚೆಗೆ!"

ಪಾಳೆಯದಿಂದ ಆಚೆಗೆ ಎಂದರೆ ಚೇಳು, ಹಾವು, ಲೂಟಿಗಾರರು. ಮಂಡಿ ನೋವಿನ ಮುದುಕಿ, ಪೆದ್ದ ಮಗ. ಎಷ್ಟು ದಿನ ಬದುಕಿಯಾರು?

"ಹಸಿವಾಗ್ತಿದೆ ಅವ್ವ, ಹೆಕ್ಕೋಕೆ ಹೋಗ್ಲಾ?" ಎಂದ ಮಗ.

"ಹೊಸಿಲು ದಾಟಿದರೆ ಕಾಲು ಮುರೀತೀನಿ! ಸಬ್ಬತ್ತು ಮುರಿದು ತುಂಬೋ ಹೊಟ್ಟೆ ನಮಗೆ ಬೇಡ!" ಎಂದಳು ಅಜೂಬಾ. ಇಬ್ಬರೂ ನೀರು ಕುಡಿದು ಕೂತರು. ಸಂಜೆಗೆ ಅವಳು ಮಗನ ಕಿವಿ ಹಿಂಡಿ ಹೇಳಿದಳು, "ನೋಡು, ನಾಳೆ ಏನಾದ್ರೂ ದೇವರು ಕಣ್ಣು ಬಿಟ್ಟು ನಮ್ಮ ಬಾಗಿಲಲ್ಲಿ ಬಿದ್ದಿದ್ದರೆ, ಬಿದ್ದಿದ್ದು ಬಿದ್ದ ಹಾಗೇ ಇರಬೇಕು! ನೀನೂ ಎತ್ತಬೇಡ, ಇನ್ನೊಬ್ಬರಿಗೂ ಎತ್ತೋಕೆ ಬಿಡಬೇಡ! ಪಾಳೆಯದವರೆಲ್ಲ ಬಂದು ಕಣ್ಣಾರೆ ನೋಡಲಿ!"

"ಹೇಳಿದ ಹಾಗೇ ಮಾಡ್ತೀನವ್ವ."

ಬೆಳಿಗ್ಗೆ ಪೆತಹ್ಯ ಕೋಲು ಹಿಡಿದು ಬಾಗಿಲಿಗೆ ಬಂದ. ಏನು ಹೇಳಲಿ! ಹೊಸಿಲಿನ ಮುಂದೆ ಇಬ್ಬನಿ, ಇಬ್ಬನಿಯ ಮೇಲೆ ಬೆಳ್ಳಗೆ, ಅಂಗೈ ದಪ್ಪಕ್ಕೆ ಮನ್ನ!

ಎಲಿದಾದ ಆಕಾಶ ನೋಡಿಕೊಂಡು ಬಂದ. ದೊಡ್ಡವರು ಕೆಳಗೆ ನೋಡುತ್ತಾರೆಯೇ? ಮನ್ನದ ಮೇಲೆ ಕಾಲಿಟ್ಟ, ಜಾರಿದ, ಗಡ್ಡದ ಸಮೇತ ಮನ್ನದೊಳಗೆ ಬೋರಲು ಬಿದ್ದ!

"ಅಯ್ಯೋ ಸೊಂಟ! ಎತ್ರೋ!"

ನಾಲ್ಕು ಜನ ಓಡಿ ಬಂದರು. ಪೆತಹ್ಯ ಕೋಲು ಬೀಸಿದ. "ಮುಟ್ಟಬೇಡಿ! ಬಿದ್ದಿದ್ದು ಬಿದ್ದ ಹಾಗೇ ಇರಬೇಕು! ಪಾಳೆಯದವರೆಲ್ಲ ಬಂದು ಕಣ್ಣಾರೆ ನೋಡಬೇಕು!"

"ಲೋ ಮುಠ್ಠಾಳ! ನಾನು ಯಜಮಾನ ಕಣೋ!"

"ಯಜಮಾನರಾದ್ರೇನು, ಬಿದ್ದಿದೀರಲ್ಲ!"

ಪಾಳೆಯಕ್ಕೆ ಪಾಳೆಯವೇ ಬಂತು, ನೋಡಿತು, ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಿಸಿಲು ಏರಿತು. ನೆಲದ ಮನ್ನವೆಲ್ಲ ಕರಗಿ ಮರಳಿಗೆ ಇಂಗಿತು. ಅಜೂಬಾ ಕುಂಟುತ್ತ ಬಂದು ಮಗನ ಕೋಲು ಕಿತ್ತುಕೊಂಡು, ಅದರಲ್ಲೇ ಅವನಿಗೆರಡು ಬಿಟ್ಟು, ಯಜಮಾನನನ್ನು ಎತ್ತಿಸಿದಳು.

ಎಲಿದಾದ ಬೆಂಕಿಯಾಗಿದ್ದ. "ಎಲ್ಲಿದೆ ನಿನ್ನ ಬಾಗಿಲ ಮನ್ನ? ಬರೀ ಮರಳು! ಕೀಳ್ರೋ ಗುಡಾರ!" ಎಂದು ಗಡ್ಡ ನೀವಿಕೊಂಡ. ಕೈ ಗಡ್ಡಕ್ಕೇ ಅಂಟಿತು. ಎಳೆದ, ಬರಲಿಲ್ಲ. ಸಿಟ್ಟಿನಲ್ಲಿ ಪಾಳೆಯಕ್ಕೆಲ್ಲ ಕೇಳುವ ಹಾಗೆ ಕೂಗಿದ.

"ಮಾನ್ ಹೂ?"

"ಮನ್ನವೇ! ಮನ್ನವೇ! ಯಜಮಾನರ ಬಾಯಲ್ಲೇ ಬಂತು!" ಎಂದಿತು ಜನ.

ಆಡಿದ ಮಾತು ಒಡೆದ ಮುತ್ತು, ಹಿಂದಕ್ಕೆ ಬಂದೀತೇ? ಗುಡಾರದ ಗೂಟಕ್ಕೆ ಕೈ ಹಾಕಿದ್ದವರು ಕೈ ತೆಗೆದರು. ಎಲಿದಾದ ತುಟಿ ಕಚ್ಚಿಕೊಂಡು, ಗಡ್ಡಕ್ಕೆ ಅಂಟಿದ ಕೈಯ ಸಮೇತ ಸರಸರ ಮನೆಯ ಕಡೆ ನಡೆದ.

ಅಜೂಬಾಗೆ ಗುಡಾರ ಉಳಿಯಿತು, ಊಟ ಉಳಿಯಲಿಲ್ಲ. ಬರಿದಾದ ಹೊಸಿಲು ನೋಡಿ ಸಿಡಿದಳು, "ನಿಂತು ನೋಡ್ತೀಯಲ್ಲೋ ಕತ್ತೆ! ನಿನ್ನೆಯಿಂದ ಹೊಟ್ಟೆಗಿಲ್ಲ! ನಮ್ಮ ಪಾಲಿನ ಮನ್ನ ಎಲ್ಲಿ ಹೋಯ್ತೋ ಹುಡುಕಿಕೊಂಡು ಹೋಗಿ ತಗೊಂಡು ಬಾ!"

"ಹೇಳಿದ ಹಾಗೇ ಮಾಡ್ತೀನವ್ವ!"

ಒಂದು ಕೈಯಲ್ಲಿ ಮಡಕೆ, ಒಂದು ಕೈಯಲ್ಲಿ ಸೌಟು. ಪಾಳೆಯದ ಈ ತುದಿಯಿಂದ ಆ ತುದಿಗೆ ಎಲಿದಾದ ಮುಂದೆ, ಆಡುಗಳು ಹಿಂದೆ, ಅವುಗಳ ಹಿಂದೆ ಪೆತಹ್ಯ.

"ದೊಡ್ಡಪ್ಪಾ, ನಿಲ್ಲಿ! ಗಡ್ಡ ಬಳಿದುಕೊಳ್ತೀನಿ! ನಮ್ಮವ್ವನ ಊಟ ಹೊತ್ತುಕೊಂಡು ಎಲ್ಲಿಗೆ ಓಡ್ತೀರಿ?"